ಎರಿ ಹೊಲದ ಬಿರುಕಿನೊಳಗೆ

ಎರಿ ಮಣ್ಣಿನ, ಅಂದರೆ ಕಪ್ಪು ಜೇಡಿ ಮಣ್ಣಿನ ಗುಣ ತಿಳಿಯೋಕೆ ಒಂದು ಸರಳ ಪರೀಕ್ಷೆ ಇದೆ. ಒಣಗಿಸಿ, ಕುಟ್ಟಿ, ಸಣ್ಣ ಜರಡಿ ಹಿಡಿದ ಮಣ್ಣನ್ನು ಹತ್ತು ಹತ್ತು ಗ್ರಾಂ ತೂಗಿ ಎರಡು ಅಳತೆ ಜಾಡಿಗಳಿಗೆ ಹಾಕಬೇಕು. ಒಂದಕ್ಕೆ ನೀರು, ಇನ್ನೊಂದಕ್ಕೆ ಚಿಮಣಿ ಎಣ್ಣೆ (ಸೀಮೆಎಣ್ಣೆ). ಕಡ್ಡಿಯಿಂದ ಕಲಕಿ ಗಾಳಿಗುಳ್ಳೆ ಬಿಡಿಸಿ, ಒಂದು ದಿನ ಸುಮ್ನೆ ಬಿಟ್ಟುಬಿಡಬೇಕು. ಮರುದಿನ ನೋಡಿದರೆ ಎಣ್ಣೆಯಲ್ಲಿನ ಮಣ್ಣು ತಳದಲ್ಲಿ ತೆಪ್ಪಗೆ ಕೂತಿರುತ್ತದೆ. ನೀರಲ್ಲಿದ್ದದ್ದು ಉಬ್ಬಿ ಮೇಲೆ ಬಂದಿರುತ್ತದೆ. ಎಣ್ಣೆಯಲ್ಲಿ 10 ಮಿಲಿಲೀಟರ್ ಇದ್ದ ಮಣ್ಣು ನೀರಲ್ಲಿ 16 ಆಗಿದ್ದರೆ, ಅದರ ಉಬ್ಬು ಶೇ 60 ಅಂತ ಬರೆದುಕೊಳ್ಳುತ್ತೇವೆ.

ಅದೇ ಮಣ್ಣು, ಅಷ್ಟೇ ತೂಕ. ಹಾಗಿದ್ದರೂ ಇಷ್ಟು ವ್ಯತ್ಯಾಸ ಯಾಕೆ? ಎರಿ ಮಣ್ಣಿನ ಜೇಡಿಯಲ್ಲಿ ಮಾಂಟ್‌ಮೊರಿಲ್ಲೊನೈಟ್ ಎಂಬ ಖನಿಜ ಜಾಸ್ತಿ. ಪುಸ್ತಕದ ಹಾಳೆಗಳ ಹಾಗೆ ಅದು ಪದರ ಪದರ. ಒಂದೊಂದು ಪದರದ ದಪ್ಪ ಸುಮಾರು 1 ನ್ಯಾನೋಮೀಟರ್. ಪದರಗಳ ಮೇಲೆ ಋಣ ವಿದ್ಯುದಂಶ ಇರುತ್ತದೆ. ಅದನ್ನು ಸರಿದೂಗಿಸಲು ನಡುವೆ ಕ್ಯಾಲ್ಸಿಯಂ, ಸೋಡಿಯಂ ಅಯಾನುಗಳು ಕೂತಿರುತ್ತವೆ. ಅವು ನೀರನ್ನು ಒಳಗೆ ಎಳೆದುಕೊಳ್ಳುತ್ತವೆ, ಪದರಗಳು ದೂರ ಸರಿಯುತ್ತವೆ. ನೀರಿನ ಅಣುವಿಗೆ ಒಂದು ತುದಿ ಧನ, ಒಂದು ತುದಿ ಋಣ. ಚಿಮಣಿ ಎಣ್ಣೆಯ ಅಣುವಿಗೆ ಅದು ಇಲ್ಲ, ಹಾಗಾಗಿ ಒಳಗೆ ಹೋಗುವುದಿಲ್ಲ. ಈ ಖನಿಜದ ಒಂದೇ ಒಂದು ಗ್ರಾಮಿನ ಪದರಗಳನ್ನೆಲ್ಲ ಬಿಡಿಸಿ ಹಾಸಿದರೆ 700ರಿಂದ 800 ಚದರ ಮೀಟರ್ ಆಗುತ್ತದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಏಳು ಗುಂಟೆಗೆ ಹತ್ತಿರ. ಚಿಟಿಕೆ ಮಣ್ಣಿನಲ್ಲಿ ಏಳು ಗುಂಟೆ! ಇದನ್ನು ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿಟ್ಟು ಹೊಲದ ಕಡೆ ಹೋಗಬೇಕು ಅನಿಸಿತ್ತು.

ಈ ಮಣ್ಣಿನ ತಾಯಿ ಕಲ್ಲು ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್‌ನಲ್ಲಿ ಲಾವಾ ಮತ್ತೆ ಮತ್ತೆ ಉಕ್ಕಿ, ಹರಿದು, ಹೆಪ್ಪುಗಟ್ಟಿತು. 1656ರಲ್ಲಿ ಮುಗಿದ ಗೋಳಗುಮ್ಮಟದ ಬೂದು ಕಲ್ಲೂ ಬಸಾಲ್ಟೇ. ಕಮ್ಮಿ ಮಳೆಯ ಸೀಮೆಯಲ್ಲಿ ಬಸಾಲ್ಟ್ ನಿಧಾನವಾಗಿ ಸವೆದು ಎರಿ ಆಯಿತು. ಬಣ್ಣ ಕಪ್ಪು ಅಂದ ತಕ್ಷಣ ಸಾವಯವ ಅಂಶ ಜಾಸ್ತಿ ಅಂತ ಎಷ್ಟೋ ಜನ ತಿಳಿದಿದ್ದಾರೆ. ವಾಸ್ತವದಲ್ಲಿ ಅದು ಕಮ್ಮಿಯೇ.

ಪರಿಸರ ವಿಜ್ಞಾನ ಓದುವ ನಮ್ಮ ಹುಡುಗ ಹುಡುಗಿಯರಿಗೆ ಪ್ರವಾಸ ಅಂದರೆ ಪಶ್ಚಿಮ ಘಟ್ಟ. ಹೋಗಲಿ, ನೋಡಲಿ. ಆದರೆ ವಿಜಯಪುರದಲ್ಲಿ ಓದುವವರು ಊರಾಚೆಯ ಒಂದೇ ಒಂದು ಎರಿ ಹೊಲವನ್ನು ವರ್ಷವಿಡೀ ನೋಡಬೇಕು ಅನ್ನುವುದು ನನ್ನ ಹಟ. ಕಾಡು ನೋಡೋಕೆ ಬಸ್ಸು ಬೇಕು. ಇದಕ್ಕೆ ಸೈಕಲ್ ಸಾಕು.

ಏಪ್ರಿಲ್‌ನಲ್ಲಿ ಶುರು ಮಾಡುವುದು ಒಳ್ಳೆಯದು. ಆಗ ನೆಲ ಬಾಯಿ ಬಿಟ್ಟಿರುತ್ತದೆ. ಹಳೇ ಸೈಕಲ್‌ನ ಬ್ರೇಕ್ ತಂತಿಯನ್ನು ಬಿರುಕಿನೊಳಗೆ ಇಳಿಬಿಟ್ಟು, ತಡೆದಲ್ಲಿ ಬೆರಳಿಂದ ಗುರುತು ಹಿಡಿದು, ಟೇಪಿಗೆ ಹಚ್ಚಿದರೆ ಆಳ ಸಿಗುತ್ತದೆ. ದಪ್ಪ ಎರಿ ಇರುವಲ್ಲಿ ಒಂದು ಮೀಟರ್ ದಾಟುವುದೂ ಉಂಟು. ಅಂಚಿನ ಮಣ್ಣನ್ನು ಮುಟ್ಟಿ ನೋಡಿ. ಮೇಲಿನ ಎರಡು ಬೆರಳು ದಪ್ಪ ಸಣ್ಣ ಹರಳಾಗಿ ಉದುರುತ್ತದೆ, ಅದರ ಕೆಳಗೆ ಇಟ್ಟಂಗಿಯಷ್ಟು ಗಟ್ಟಿ. ಕೈ ಮಾತ್ರ ಒಳಗೆ ಹಾಕಬೇಡಿ. ಹೊರಗಿನ ಬಿಸಿಲಿಗಿಂತ ಒಳಗೆ ತಂಪು, ಅದಕ್ಕೇ ಅಲ್ಲಿ ಚೇಳು ಇರುತ್ತದೆ, ಜೀರುಂಡೆ ಇರುತ್ತದೆ. ಪಕ್ಕದ ಮಡ್ಡಿಯಲ್ಲಿ ಕಲ್ಲಿನ ಮೇಲೆ ನಿಂತು ಗಂಟಲ ಕೆಳಗಿನ ಬಣ್ಣದ ಚರ್ಮವನ್ನು ಅಗಲಿಸುವ ಗಂಡು ಓತಿಕ್ಯಾತವೂ ಈ ದಿನಗಳಲ್ಲೇ ಕಾಣುತ್ತದೆ. ಹೆಣ್ಣನ್ನು ಕರೆಯಲು, ಇನ್ನೊಂದು ಗಂಡನ್ನು ದೂರ ಇಡಲು ಅದರ ಈ ಪ್ರದರ್ಶನ.

ಗಾಳಿಗೆ, ದನದ ಕಾಲಿಗೆ ಮೇಲಿನ ಪುಡಿ ಮಣ್ಣು ಬಿರುಕಿನೊಳಗೆ ಬೀಳುತ್ತಾ ಹೋಗುತ್ತದೆ. ಮೊದಲ ಮಳೆ ಬಂದಾಗ ನೀರು ಬಿರುಕಿನ ಮೂಲಕ ನೇರ ಆಳಕ್ಕೆ ಇಳಿಯುತ್ತದೆ. ಒಳಗಿನ ಮಣ್ಣು ಉಬ್ಬುತ್ತದೆ. ಆದರೆ ಅಲ್ಲಿ ಈಗಾಗಲೇ ಮೇಲಿನ ಮಣ್ಣು ಬಂದು ಕೂತಿದೆ, ಜಾಗ ಸಾಲುವುದಿಲ್ಲ. ಒತ್ತಡಕ್ಕೆ ಮಣ್ಣು ಓರೆಯಾಗಿ ಜಾರಿ ಮೇಲೇಳುತ್ತದೆ. ನೇಗಿಲು ಮುಟ್ಟದಿದ್ದರೂ ನೆಲ ಹೀಗೆ ತನ್ನನ್ನು ತಾನೇ ಮಗುಚಿಕೊಳ್ಳುತ್ತಿರುತ್ತದೆ. ನಂಬಿಕೆ ಬರದಿದ್ದರೆ ಹೊಸದಾಗಿ ತೋಡಿದ ಕೃಷಿ ಹೊಂಡದ ಗೋಡೆ ನೋಡಿ. ಅರ್ಧ ಮೀಟರಿನ ಕೆಳಗೆ, ಓರೆಯಾಗಿ, ಬಿಸಿಲಿಗೆ ಮಿಂಚುವ ನುಣುಪು ಮುಖಗಳು ಸಿಗುತ್ತವೆ. ಮೇಲೆ ಬೆರಳಾಡಿಸಿದರೆ ಒಂದೇ ದಿಕ್ಕಿಗೆ ಎಳೆದ ಸಣ್ಣ ಗೀರುಗಳು ತಾಗುತ್ತವೆ. ಮಣ್ಣು ಮಣ್ಣಿಗೆ ಉಜ್ಜಿ ಜಾರಿದ ಗುರುತು ಅದು. ಜೊತೆಗೆ ಸುಣ್ಣದ ಬಿಳಿ ಹರಳುಗಳೂ ಇರುತ್ತವೆ. ಲಿಂಬೆ ಹುಳಿ ಹಿಂಡಿದರೆ ಸಣ್ಣಗೆ ನೊರೆ ಬರುತ್ತದೆ.

ಮೊದಲ ಮಳೆಯ ವಾಸನೆಯ ಹಿಂದೆಯೂ ಜೀವಿಗಳಿವೆ. ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾಗಳು ಜಿಯೋಸ್ಮಿನ್ ಅನ್ನುವ ವಸ್ತು ತಯಾರಿಸುತ್ತವೆ. ಮಳೆಹನಿ ಬಡಿದಾಗ ಅದು ಗಾಳಿಗೆ ಚಿಮ್ಮುತ್ತದೆ. ಈ ವಾಸನೆ ಹಿಡಿದು ಸ್ಪ್ರಿಂಗ್‌ಟೇಲ್ ಎಂಬ ಪುಟ್ಟ ಜೀವಿಗಳು ಬಂದು ಬ್ಯಾಕ್ಟೀರಿಯಾ ತಿನ್ನುತ್ತವೆ, ಅದರ ಬೀಜಕಣಗಳನ್ನು ಬೇರೆ ಕಡೆ ಹರಡುತ್ತವೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಅದೇ ಹೊತ್ತಿಗೆ ಕೆಂಪು ಮಖಮಲ್ ಹುಳಗಳು ಮೇಲೆ ಬರುತ್ತವೆ. ಕಾಲು ಎಣಿಸಿ ನೋಡಿ, ಎಂಟು ಇರುತ್ತವೆ. ಅಂದರೆ ಕೀಟವಲ್ಲ, ಉಣ್ಣಿಯ ಬಳಗ.

ಉಬ್ಬಿ ಮುಚ್ಚಿಕೊಂಡ ಎರಿಯಲ್ಲಿ ನೀರು ಇಂಗುವುದು ಬಹಳ ನಿಧಾನ. ಒಮ್ಮೆ ಇಂಗಿದ್ದನ್ನು ಅದು ಸುಲಭಕ್ಕೆ ಬಿಟ್ಟುಕೊಡುವುದೂ ಇಲ್ಲ. ಒಂದು ಮೀಟರ್ ಆಳದ ಒಳ್ಳೆ ಎರಿ ಬೆಳೆಗೆ ಸಿಗುವಂಥ ನೀರನ್ನೇ ಸುಮಾರು 150ರಿಂದ 200 ಮಿಲಿಮೀಟರ್ ಹಿಡಿದಿಡುತ್ತದೆ. ನಮ್ಮ ಹಿಂಗಾರಿ ಬಿಳಿಜೋಳ ನಿಂತಿರುವುದು ಇದರ ಮೇಲೆ. ಮುಂಗಾರಿನಲ್ಲಿ ಹೊಲ ಖಾಲಿ ಬಿಟ್ಟು ನೀರು ಕುಡಿಸಿ, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಿತ್ತುತ್ತಾರೆ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೋದಾಗ ಸುತ್ತ ಹಸಿರು ನಿಂತಿರುತ್ತದಲ್ವಾ, ಅಷ್ಟೊತ್ತಿಗೆ ಮಳೆ ನಿಂತು ಎಷ್ಟೋ ವಾರ ಆಗಿರುತ್ತದೆ. ಜೋಳ ಬೆಳೆಯುತ್ತಾ ನೀರು ಹೀರಿದ ಹಾಗೆ ಬಿರುಕು ಮತ್ತೆ ಬಿಡುತ್ತದೆ. ಆಗ ಎಡೆ ಹೊಡೆಯುತ್ತಾರೆ. ಕಸ ತೆಗೆಯುವುದಕ್ಕಿಂತ ಹೆಚ್ಚಾಗಿ, ಸಡಿಲ ಮಣ್ಣಿನಿಂದ ಬಿರುಕು ಮುಚ್ಚಿ ಒಳಗಿನ ತೇವ ಉಳಿಸುವ ಕೆಲಸ ಅದು. ಒಣಬೇಸಾಯದ ಸಂಶೋಧನೆ ವಿಜಯಪುರದಲ್ಲಿ 1930ರ ದಶಕದಿಂದ ನಡೆದಿದೆ. ಮಳೆನೀರು ಹರಿದುಹೋಗದಂತೆ ಹೊಲದಲ್ಲಿ ಚೌಕು ಮಡಿ ಮಾಡಿಕೊಳ್ಳಿ ಅಂತ ಇವತ್ತಿಗೂ ರೈತರಿಗೆ ಹೇಳುತ್ತಾರೆ.

ಇದೇ ಉಬ್ಬು, ಇದೇ ಕುಗ್ಗು ಗೋಡೆ ಸೀಳುತ್ತದೆ, ರಸ್ತೆ ಅಲೆಅಲೆ ಮಾಡುತ್ತದೆ. ಅದಕ್ಕೇ ಪಾಯ ತೋಡಿ ಗರಸು ತುಂಬುವುದು.

ನನಗೆ ಹೆಚ್ಚು ಕಳವಳ ಇರುವುದು ಸವಳಿನ, ಅಂದರೆ ನೆಲ ಉಪ್ಪಾಗುವುದರ ಬಗ್ಗೆ. ಕಾಲುವೆ ನೀರು ಬಂದ ಎರಿಯಲ್ಲಿ ವರ್ಷವಿಡೀ ನೀರು ಹಾಯಿಸಿದರೆ ಬಿರುಕೇ ಬಿಡುವುದಿಲ್ಲ. ಬಸಿದು ಹೋಗಲು ದಾರಿ ಇಲ್ಲದ ನೀರು ಒಳಗೇ ಏರುತ್ತಾ ಬರುತ್ತದೆ. ಮೇಲೆ ಬಂದು ಆವಿಯಾಗುತ್ತದೆ, ಉಪ್ಪು ಮಾತ್ರ ಉಳಿಯುತ್ತದೆ. ಬೇಸಿಗೆಯಲ್ಲಿ ಅಂಥ ಹೊಲದ ಮೇಲೆ ಬಿಳಿ ಪೊರೆ ಕಾಣುತ್ತದೆ. ಉಪ್ಪು ಅಳೆಯಲು ಮಣ್ಣಿಗೆ ನೀರು ತುಂಬಿಸಿ, ಆ ರಸ ತೆಗೆದು, ಅದು ವಿದ್ಯುತ್ತನ್ನು ಎಷ್ಟು ಹರಿಸುತ್ತದೆ ಅಂತ ಮೀಟರಿನಲ್ಲಿ ನೋಡುತ್ತೇವೆ. ಅಂಕಿ ಮೀಟರಿಗೆ 4 ಡೆಸಿಸೀಮನ್ಸ್ (ವಿದ್ಯುತ್ ಹರಿಸುವಿಕೆಯ ಅಳತೆ) ದಾಟಿದರೆ ಸವಳು ಅಂತ ಲೆಕ್ಕ.

ಅಂಥದ್ದೇ ಒಂದು ಹೊಲದ ಅಜ್ಜನಿಗೆ ನಾವು ವಿದ್ಯಾರ್ಥಿಗಳು ಅಂಕಿ ತೋರಿಸಿ ಉತ್ಸಾಹದಿಂದ ವಿವರಿಸುತ್ತಿದ್ದೆವು. ಅವರು ಕೇಳಿದ್ದು ಇಷ್ಟೇ: "ಅದೆಲ್ಲಾ ಇರ್ಲಿ ತಮ್ಮಾ, ಕಬ್ಬ ಹಚ್ಚಲ್ಯೋ ಬ್ಯಾಡೋ?" ಬೇಡ ಅಂದೆವು. ಕಬ್ಬಿನ ಇಳುವರಿ 2 ಡೆಸಿಸೀಮನ್ಸ್ ಮುಟ್ಟುವ ಮೊದಲೇ ಇಳಿಯತೊಡಗುತ್ತದೆ. ಜೋಳ 6ರ ಆಚೆಗೂ ತಡೆಯುತ್ತದೆ. ಜೋಳ ಬಿತ್ತಿ, ಮೊದಲು ಬಸಿಗಾಲುವೆ ತೋಡಿಸಿ ಅಂತ ಹೇಳಿದೆವು. ಆದರೆ ಬಸಿದ ನೀರು ಹಳ್ಳ ಸೇರಬೇಕಾದರೆ ಕೆಳಗಿನ ಎರಡು ಹೊಲ ದಾಟಬೇಕಿತ್ತು. "ಹಂಗಾದ್ರ ಅವ್ರನ್ನ ಕೇಳೂಣ ನಡೀರಿ" ಅಂತ ಅಜ್ಜ ನಮ್ಮನ್ನೂ, ಮೀಟರನ್ನೂ ಕೆಳಗಿನ ಹೊಲಕ್ಕೆ ಕರೆದುಕೊಂಡು ಹೋದರು.