ಬೂಸ್ಟು ತಿಂದು ಬದುಕುವ ಥ್ರಿಪ್ಸ್

ಥ್ರಿಪ್ಸ್ ಎಂಬ ಪುಟ್ಟ ಕೀಟದ ಹೆಸರು ಹೇಳಿದ ಕೂಡಲೇ ಮೆಣಸಿನಕಾಯಿ ಬೆಳೆಯುವವರಿಗೆ ಎಲೆ ಮುದುಡುವ ಮುಟುರು ರೋಗ ನೆನಪಾಗುತ್ತದೆ. ಆದರೆ ಇದುವರೆಗೆ ಗುರುತಿಸಿರುವ 6,000ಕ್ಕೂ ಹೆಚ್ಚು ಬಗೆಯ ಥ್ರಿಪ್ಸ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಫ್ಲಿಯೋಥ್ರಿಪಿಡೇ ಎಂಬ ಒಂದೇ ಕುಟುಂಬದವು. ಇವುಗಳಲ್ಲಿ ಎಷ್ಟೋ ಬಗೆಯವು ಹಸಿರು ಎಲೆಯ ತಂಟೆಗೇ ಹೋಗುವುದಿಲ್ಲ. ಒಣಕೊಂಬೆ, ತರಗೆಲೆ, ಅದರ ಮೇಲಿನ ಬೂಸ್ಟು ಇದ್ದರೆ ಸಾಕು.

ನೋಡಬೇಕೆಂದರೆ, ಮುರಿದು ಜೋತುಬಿದ್ದ ಒಣಕೊಂಬೆಯ ಕೆಳಗೆ ಬಿಳಿ ಹಾಳೆ ಹಿಡಿದು ಕೋಲಿನಿಂದ ತಟ್ಟಿ. ಉದುರಿದ ಕಸದ ನಡುವೆ ಎರಡು ಮೂರು ಮಿಲಿಮೀಟರಿನ ಕರಿ ಹುಳು ಹಿಂಭಾಗ ಮೇಲೆತ್ತಿಕೊಂಡು ನಡೆಯುತ್ತಿದ್ದರೆ ಅದು ಬಹುಶಃ ಇದೇ ಕುಟುಂಬದ್ದು. ಲೆನ್ಸ್ ಹಿಡಿದರೆ ಹೊಟ್ಟೆಯ ತುದಿಯಲ್ಲಿ ಸಣ್ಣ ಕೊಳವೆ ಕಾಣುತ್ತದೆ. 1836ರಲ್ಲಿ ಐರ್ಲೆಂಡಿನ ಕೀಟಶಾಸ್ತ್ರಜ್ಞ ಹ್ಯಾಲಿಡೇ ಥ್ರಿಪ್ಸ್‌ಗಳನ್ನು ಎರಡು ಗುಂಪು ಮಾಡಿದ. ಗಿಡದ ಭಾಗವನ್ನು ಕೊಯ್ದು ಮೊಟ್ಟೆ ಇಡಲು ಗರಗಸದಂಥ ಅಂಗ ಇರುವವು ಒಂದು ಕಡೆ, ಕೊಳವೆ ಇರುವವು ಇನ್ನೊಂದು ಕಡೆ. ಕೊಳವೆಯ ಗುಂಪಿನಲ್ಲಿ ಇವತ್ತು ಬದುಕಿರುವುದು ಈ ಕುಟುಂಬ ಮಾತ್ರ.

ಕುಟುಂಬದ ಒಳಗಿನ ವಿಂಗಡಣೆ ನನಗೆ ಇನ್ನೂ ಇಷ್ಟ. ಅದರಲ್ಲಿ ಬಾಯಿಸೂಜಿಯ, ಅಂದರೆ ಆಹಾರ ಹೀರುವ ಸೂಜಿಯಂಥ ಬಾಯಿಭಾಗದ, ಅಗಲ ದೊಡ್ಡ ಗುರುತು. ಐಡೊಲೊಥ್ರಿಪಿನೇ ಉಪಕುಟುಂಬದ ಸುಮಾರು 700 ಬಗೆಗಳಲ್ಲಿ ಸೂಜಿಗಳು ಸಾಮಾನ್ಯವಾಗಿ 5ರಿಂದ 10 ಮೈಕ್ರಾನ್ ಅಗಲ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್). ಹಾಗಾಗಿ ಅವು ಶಿಲೀಂಧ್ರದ, ಅಂದರೆ ಬೂಸ್ಟಿನ, ಬೀಜಕಗಳನ್ನು ಇಡಿಯಾಗಿಯೇ ನುಂಗುತ್ತವೆ. ಫ್ಲಿಯೋಥ್ರಿಪಿನೇ ಉಪಕುಟುಂಬದಲ್ಲಿ ಸೂಜಿ ಹೆಚ್ಚಾಗಿ 2-3 ಮೈಕ್ರಾನ್ ಅಷ್ಟೇ. ಬೀಜಕ ಒಳಗೆ ಹೋಗದು, ರಸ ಹೀರಬೇಕು. ಕೆಲವು ಶಿಲೀಂಧ್ರದ ಎಳೆಗಳಿಂದ ಹೀರುತ್ತವೆ, ಕೆಲವು ಎಲೆಯಿಂದ. ಅಲಂಕಾರಕ್ಕೆ ಬೆಳೆಸಿದ ಫೈಕಸ್ ಗಿಡದ ಎಲೆ ಒಮ್ಮೊಮ್ಮೆ ಮಡಚಿಕೊಂಡಿರುತ್ತದಲ್ಲ, ಬಿಡಿಸಿ ನೋಡಿ. ಒಳಗಿರುವ ಕರಿ ಹುಳು ಸಾಮಾನ್ಯವಾಗಿ ಈ ಗುಂಪಿನದೇ.

ಹೆಸರಿಡುವ ಕೆಲಸ ಮಾತ್ರ ಬಲು ಕಷ್ಟ. ಒಂದೇ ಪ್ರಭೇದದಲ್ಲಿ ಮುಂಗಾಲು ದಪ್ಪಗಿರುವ, ಹೆಣ್ಣಿಗಾಗಿ ಕಾದಾಡುವ ದೊಡ್ಡ ಗಂಡೂ ಇರುತ್ತದೆ, ಹೆಣ್ಣಿನಂತೆಯೇ ಕಾಣುವ ಸಣ್ಣ ಗಂಡೂ ಇರುತ್ತದೆ. ಇವಕ್ಕೆ ಬೇರೆ ಬೇರೆ ಪ್ರಭೇದವೆಂದು ಹೆಸರಿಟ್ಟದ್ದೂ ಉಂಟು. ಮದ್ರಾಸಿನ ಲೊಯೋಲಾ ಕಾಲೇಜಿನಲ್ಲಿದ್ದ ಕೀಟಶಾಸ್ತ್ರಜ್ಞ ಟಿ.ಎನ್. ಅನಂತಕೃಷ್ಣನ್ ನಮ್ಮ ದೇಶದ ಬೂಸ್ಟು ತಿನ್ನುವ ಥ್ರಿಪ್ಸ್‌ಗಳಲ್ಲಿ ಈ ವ್ಯತ್ಯಾಸವನ್ನು ವರ್ಷಗಟ್ಟಲೆ ಬಿಡಿಸಿ ನೋಡಿದರು. ಅದಕ್ಕೆ ಒಂದೆರಡು ಹುಳು ಸಾಲದು. ಒಂದೇ ಕೊಂಬೆಯಲ್ಲಿ ಸಿಕ್ಕಷ್ಟನ್ನೂ ತಂದು ದೊಡ್ಡದರಿಂದ ಸಣ್ಣದರವರೆಗೆ ಜೋಡಿಸಬೇಕು. ನಡುವಿನ ಗಾತ್ರದವು ಸಿಕ್ಕಾಗಲೇ ಎರಡು ಹೆಸರಿನ ಹುಳು ಒಂದೇ ಎಂದು ಗೊತ್ತಾಗುವುದು.