ಪ್ರೊಫೆಸರ್‌ಗಳ ಪೆನ್ಷನ್‌ನಿಂದ ಹುಟ್ಟಿದ ಕ್ರೆಡಿಟ್ ಲೆಕ್ಕ: ಅಮೆರಿಕದ ಹೈಸ್ಕೂಲಲ್ಲಿ ಪಾಸಾಗೋದು ಅಂದ್ರೆ ಏನು?

ಪ್ರತಿ ವರ್ಷ ಕ್ಯಾಲಿಫೋರ್ನಿಯಾದ ನಮ್ಮ ಬೇ ಏರಿಯಾ ಕನ್ನಡದವರ ವಾಟ್ಸಾಪ್ ಗ್ರೂಪಲ್ಲಿ ಸಂಕ್ರಾಂತಿ ಎಳ್ಳುಬೆಲ್ಲದ ಫೋಟೋಗಳು ಮುಗೀತು ಅನ್ನೋವಾಗ ಒಂದು ಪ್ರಶ್ನೆ ಬಂದೇ ಬರತ್ತೆ, ಎಂಟನೇ ಕ್ಲಾಸ್ ಮಗಳಿಗೆ ಹೈಸ್ಕೂಲ್ ಕೋರ್ಸ್ ಸೆಲೆಕ್ಷನ್ ಫಾರಂ ಬಂದಿದೆ, ಏನು ತುಂಬೋದು? ಅದಕ್ಕೆ ನಲವತ್ತು ಉತ್ತರ, ಒಬ್ರು ಗಣಿತ ಮುಖ್ಯ ಅಂತಾರೆ, ಇನ್ನೊಬ್ರು ಎಪಿ (ಹೈಸ್ಕೂಲಲ್ಲೇ ಓದೋ ಕಾಲೇಜು ಮಟ್ಟದ ಕೋರ್ಸು) ಎಷ್ಟು ತಗೊಂಡ್ರೂ ಕಮ್ಮೀನೇ ಅಂತಾರೆ, ಮತ್ತೊಬ್ರು ಎಕ್ಸೆಲ್ ಶೀಟ್ ಹಾಕ್ತಾರೆ, ಕೊನೆಗೆ ಫಾರಂ ತುಂಬೋರಿಗೆ ಮೊದಲಿದ್ದಿದ್ದಕ್ಕಿಂತ ಜಾಸ್ತಿ ತಲೆ ಕೆಟ್ಟಿರತ್ತೆ. ನಾನೂ ಆ ಗುಂಪಲ್ಲಿ ಇದ್ದವನೇ.

ನಮ್ಮ ಕಷ್ಟ ಏನಂದ್ರೆ ನಾವು ಬೆಳೆದ ಪದ್ಧತೀಲಿ ಈ ಪ್ರಶ್ನೇನೇ ಇರ್ಲಿಲ್ಲ. ಎಸ್ಸೆಸ್ಸೆಲ್ಸಿವರೆಗೂ ಎಲ್ಲರಿಗೂ ಹೆಚ್ಚು ಕಮ್ಮಿ ಒಂದೇ ವಿಷಯಗಳು, 35 ಬಂದ್ರೆ ಪಾಸು, ಆಮೇಲೆ ಪಿಯುಸಿ ಅಪ್ಲಿಕೇಶನ್ನಲ್ಲಿ ಒಂದೇ ಒಂದು ಸಲ ಪಿಸಿಎಂಬಿನೋ ಕಾಮರ್ಸೋ ಆರ್ಟ್ಸೋ ಅಂತ ಬರೆದ್ರೆ ಮುಗೀತು, ಅದನ್ನೂ ಬಹಳಷ್ಟು ಮನೇಲಿ ಅಪ್ಪನೋ ಮಾವನೋ ಬರೀತಿದ್ರು. ಇಲ್ಲಿ ಹಾಗಲ್ಲ. ಒಂಬತ್ತರಿಂದ ಹನ್ನೆರಡರವರೆಗೆ ನಾಲ್ಕು ವರ್ಷ, ಪ್ರತಿ ಸೆಮಿಸ್ಟರಿಗೂ ಒಂದೊಂದು ಕೋರ್ಸಿಗೆ 5 ಕ್ರೆಡಿಟ್, ವರ್ಷಪೂರ್ತಿ ಓದಿದ್ರೆ 10, ಊರೂರಿನ ಸರ್ಕಾರಿ ಸ್ಕೂಲುಗಳನ್ನ ನಡೆಸೋ ಕ್ಯಾಲಿಫೋರ್ನಿಯಾದ ಬಹಳಷ್ಟು ಸ್ಕೂಲ್ ಡಿಸ್ಟ್ರಿಕ್ಟ್‌ಗಳಲ್ಲಿ 220ರ ಆಸುಪಾಸು ಆದ್ರೆ ಡಿಪ್ಲೊಮಾ. ನನ್ನ ದೊಡ್ಡವಳು ಕ್ಯಾಲ್ಕುಲಸ್ಸು ಕೆಮಿಸ್ಟ್ರಿ ಅಂತ ರಾಶಿ ಹಾಕ್ಕೊಂಡು ಹನ್ನೊಂದನೇ ಕ್ಲಾಸ್ ಮುಗಿಸೋವಾಗ ಸ್ಕೂಲಿಂದ ಈಮೇಲ್ ಬಂತು, ಪಿಇ 5 ಕ್ರೆಡಿಟ್ ಬಾಕಿ ಇದೆ, ಇದು ಆಗ್ದೇ ಗ್ರಾಜುಯೇಶನ್ ಇಲ್ಲ ಅಂತ. ಆಟದ ಪೀರಿಯಡ್ಡು! ನಮ್ಮೂರಲ್ಲಿ ಗಣಿತದ ಮೇಷ್ಟ್ರು ಪೋರ್ಷನ್ ಮುಗಿದಿಲ್ಲ ಅಂತ ಕಿತ್ಕೊಳ್ತಿದ್ದ ಪೀರಿಯಡ್ಡು ಇಲ್ಲಿ ಡಿಪ್ಲೊಮಾನೇ ತಡೀತಿದೆ. ಈ ಲೆಕ್ಕ ಹಾಕಿದ ಪುಣ್ಯಾತ್ಮ ಯಾರಪ್ಪ ಅಂತ ಹುಡುಕೋಕೆ ಶುರು ಮಾಡಿದ್ದು ಅವತ್ತು.

ಹೋಗ್ತಾ ಹೋಗ್ತಾ ನೂರಿಪ್ಪತ್ತು ಮೂವತ್ತು ವರ್ಷ ಹಿಂದಕ್ಕೆ ಹೋಯ್ತು. 1890ರಲ್ಲಿ ಇಡೀ ಅಮೆರಿಕದ ಸರ್ಕಾರಿ ಹೈಸ್ಕೂಲುಗಳಲ್ಲಿ ಓದ್ತಿದ್ದೋರು ಬರೀ ಎರಡು ಲಕ್ಷ ಚಿಲ್ಲರೆ. ಯಾವ ಸ್ಕೂಲಲ್ಲಿ ಏನು ಕಲಿಸ್ತಾರೆ, ಎಷ್ಟು ದಿನ ಕಲಿಸ್ತಾರೆ ಅನ್ನೋದಕ್ಕೆ ಹಿಡಿತಾನೇ ಇರ್ಲಿಲ್ಲ, ಕಾಲೇಜುಗಳು ತಂತಮ್ಮದೇ ಎಂಟ್ರೆನ್ಸ್ ಪರೀಕ್ಷೆ ಇಟ್ಕೊಂಡಿದ್ವು, ಒಂದು ಕಡೆ ಇಷ್ಟು ಲ್ಯಾಟಿನ್ ಬೇಕು ಅಂದ್ರೆ ಇನ್ನೊಂದು ಕಡೆ ಇಷ್ಟು ಗ್ರೀಕ್ ಬೇಕು ಅಂತಿದ್ರು. ಇದನ್ನ ಸರಿ ಮಾಡೋಕೆ 1892ರಲ್ಲಿ ಹತ್ತು ಜನರ ಕಮಿಟಿ ಆಯ್ತು, ಹೆಸರೂ ಅದೇ, ಕಮಿಟಿ ಆಫ್ ಟೆನ್. ಮುಖ್ಯಸ್ಥ ಹಾರ್ವರ್ಡ್ ಅಧ್ಯಕ್ಷ ಚಾರ್ಲ್ಸ್ ಎಲಿಯಟ್. ಅವರು ಹೇಳಿದ್ದರಲ್ಲಿ ಒಂದು ಮಾತು ಇವತ್ತಿಗೂ ಜಗಳದ ವಿಷ್ಯ: ಕಾಲೇಜಿಗೆ ಹೋಗೋ ಮಗು, ಕೆಲಸಕ್ಕೆ ಹೋಗೋ ಮಗು ಅಂತ ಭೇದ ಮಾಡ್ಬೇಡಿ, ಒಂದು ವಿಷಯ ಕಲಿಸೋದಾದ್ರೆ ಎಲ್ಲರಿಗೂ ಒಂದೇ ಥರ ಕಲಿಸಿ.

ಕ್ರೆಡಿಟ್ ಬಂದಿದ್ದು ಮಾತ್ರ ಇನ್ನೊಂದು ದಾರೀಲಿ. 1905ರಲ್ಲಿ ಉಕ್ಕಿನ ಸಾಹುಕಾರ ಆಂಡ್ರ್ಯೂ ಕಾರ್ನೆಗಿ ವಯಸ್ಸಾದ ಕಾಲೇಜು ಪ್ರೊಫೆಸರ್‌ಗಳಿಗೆ ಪೆನ್ಷನ್ ಕೊಡಿ ಅಂತ 1 ಕೋಟಿ ಡಾಲರ್ ಎತ್ತಿಟ್ಟ, ಅದನ್ನ ನೋಡ್ಕೊಳ್ಳೋಕೆ ಒಂದು ಫೌಂಡೇಶನ್ ಆಯ್ತು, ಎಂಐಟಿ ಅಧ್ಯಕ್ಷನಾಗಿದ್ದ ಹೆನ್ರಿ ಪ್ರಿಚೆಟ್ ಅದರ ಮುಖ್ಯಸ್ಥ. ಪೆನ್ಷನ್ ಕೊಡೋಣ ಸರಿ, ಯಾವುದನ್ನ ಕಾಲೇಜು ಅನ್ನೋದು? ಆಗ ಬೋರ್ಡ್ ಹಾಕ್ಕೊಂಡೋರೆಲ್ಲ ಕಾಲೇಜೇ. ಅದಕ್ಕೆ ಫೌಂಡೇಶನ್ ಒಂದು ಷರತ್ತು ಹಾಕ್ತು, ಹೈಸ್ಕೂಲಲ್ಲಿ ಕನಿಷ್ಠ 14 ಯೂನಿಟ್ ಮುಗಿಸಿದೋರನ್ನ ಮಾತ್ರ ಸೇರಿಸ್ಕೊಂಡ್ರೆ ನಿಮ್ಮದು ಕಾಲೇಜು, ನಿಮ್ಮ ಮೇಷ್ಟ್ರುಗಳಿಗೆ ಪೆನ್ಷನ್ನು. ಯೂನಿಟ್ ಅಂದ್ರೆ ಒಂದು ವಿಷಯವನ್ನ ವರ್ಷಪೂರ್ತಿ ಹೆಚ್ಚು ಕಮ್ಮಿ ದಿನಾ ಒಂದು ಪೀರಿಯಡ್ ಓದೋದು, ಒಟ್ಟು 120 ಗಂಟೆ. ಪೆನ್ಷನ್ ಯಾರಿಗೆ ಬೇಡ? ಕಾಲೇಜುಗಳು ಒಪ್ಕೊಂಡ್ವು, ಕಾಲೇಜು ಒಪ್ಪಿದ ಮೇಲೆ ಹೈಸ್ಕೂಲುಗಳೂ ಟೈಮ್‌ಟೇಬಲ್ಲು, ಸರ್ಟಿಫಿಕೇಟು ಎಲ್ಲಾ ಅದೇ ಅಚ್ಚಿಗೆ ತಂದ್ಕೊಂಡ್ವು, ಕೆಲವೇ ವರ್ಷದಲ್ಲಿ ಕಾರ್ನೆಗಿ ಯೂನಿಟ್ ದೇಶಕ್ಕೆಲ್ಲಾ ಅಳತೆಗೋಲಾಯ್ತು. ಗಮನಿಸಬೇಕಾದ್ದು ಏನಂದ್ರೆ ಅದು ಅಳೀತಿದ್ದಿದ್ದು ಮಗು ಎಷ್ಟು ಕಲೀತು ಅನ್ನೋದನ್ನಲ್ಲ, ಎಷ್ಟು ಹೊತ್ತು ಬೆಂಚಿನ ಮೇಲೆ ಕೂತಿತ್ತು ಅನ್ನೋದನ್ನ. ತಮಾಷೆ ಅಂದ್ರೆ ಆ ಕಾರ್ನೆಗಿ ಸ್ವತಃ ಹೈಸ್ಕೂಲ್ ಮುಖ ನೋಡಿದವನಲ್ಲ, ಸ್ಕಾಟ್ಲೆಂಡಿಂದ ವಲಸೆ ಬಂದು ಎಳೇ ವಯಸ್ಸಲ್ಲೇ ಹತ್ತಿ ಗಿರಣೀಲಿ ನೂಲಿನ ಉರುಳೆ ಬದಲಾಯಿಸೋ ಕೆಲಸಕ್ಕೆ ನಿಂತವನು.

ಅಳತೆ ಸಿಕ್ತು, ಆದ್ರೆ ಏನನ್ನ ಅಳೀಬೇಕು ಅನ್ನೋ ಜಗಳ ನಿಲ್ಲಲಿಲ್ಲ. 1930ರ ಹೊತ್ತಿಗೆ ಹೈಸ್ಕೂಲ್ ಮಕ್ಕಳ ಸಂಖ್ಯೆ 44 ಲಕ್ಷದ ಹತ್ರ ಬಂದಿತ್ತು, ಇಷ್ಟೂ ಜನ ಲ್ಯಾಟಿನ್ ಓದಿ ಏನು ಮಾಡ್ತಾರೆ ಅನ್ನೋ ಪ್ರಶ್ನೆ ಸಹಜ. 1917ರಲ್ಲೇ ಸ್ಮಿತ್ ಹ್ಯೂಸ್ ಕಾಯ್ದೆ ಬಂದು ವೃತ್ತಿ ಶಿಕ್ಷಣಕ್ಕೆ ಕೇಂದ್ರದ ದುಡ್ಡು ಹರೀತು, ಮಾರನೇ ವರ್ಷ ಇನ್ನೊಂದು ಕಮಿಟಿ ಆರೋಗ್ಯ, ಮನೆತನ, ಪೌರತನ, ಬಿಡುವಿನ ಸದುಪಯೋಗ ಇವೂ ಹೈಸ್ಕೂಲಿನ ಗುರಿ ಅಂತು. ಎಲಿಯಟ್ ಬೇಡ ಅಂದಿದ್ದ ಭೇದ ಹಿತ್ತಲ ಬಾಗಿಲಿಂದ ಒಳಗೆ ಬಂತು, ಒಂದು ಸಾಲು ಕಾಲೇಜಿಗೆ, ಒಂದು ಸಾಲು ಕಸುಬಿಗೆ, ಒಂದು ಸಾಲು ಜನರಲ್. ಯಾವ ಮಗು ಯಾವ ಸಾಲಿಗೆ ಅನ್ನೋದರಲ್ಲಿ ಬಣ್ಣ, ಅಪ್ಪನ ಸಂಬಳ ಎಲ್ಲಾ ಕೆಲಸ ಮಾಡ್ತಿದ್ವು. 1957ರಲ್ಲಿ ರಷ್ಯಾದ ಸ್ಪುಟ್ನಿಕ್ ಹಾರಿದ ಗಾಬರೀಲಿ ಮಾರನೇ ವರ್ಷ ಬಂದ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆ ವಿಜ್ಞಾನ ಗಣಿತದ ಜೊತೆ ಮಕ್ಕಳಿಗೆ ಕೋರ್ಸ್ ಆರಿಸೋಕೆ ದಾರಿ ತೋರಿಸೋ ಸ್ಕೂಲ್ ಕೌನ್ಸೆಲರ್‌ಗಳಿಗೂ ದುಡ್ಡು ಕೊಡ್ತು. 1959ರಲ್ಲಿ ಹಾರ್ವರ್ಡ್ ಮಾಜಿ ಅಧ್ಯಕ್ಷ ಜೇಮ್ಸ್ ಕೋನಂಟ್ 250ರಿಂದ 300 ಮಕ್ಕಳಿಗೆ ಒಬ್ಬ ಕೌನ್ಸೆಲರ್ ಇರ್ಲಿ ಅಂದ. ಕ್ಯಾಲಿಫೋರ್ನಿಯಾ ಇವತ್ತಿಗೂ ಆ ಲೆಕ್ಕ ಮುಟ್ಟಿಲ್ಲ, ಅದಕ್ಕೇ ಕೌನ್ಸೆಲರ್ ಹತ್ರ ಸಿಗೋ ಹತ್ತು ನಿಮಿಷಕ್ಕೆ ನಾವು ವಾಟ್ಸಾಪಲ್ಲಿ ಹತ್ತು ದಿನ ತಯಾರಿ ಮಾಡೋದು.

ಈಗ ಕ್ಯಾಲಿಫೋರ್ನಿಯಾ ಕಥೆ, ಯಾಕಂದ್ರೆ ಅಮೆರಿಕದಲ್ಲಿ ಇದೆಲ್ಲಾ ರಾಜ್ಯಕ್ಕೊಂದು ಥರ. 60ರ ದಶಕದ ಕೊನೆಯಿಂದ ಇಲ್ಲಿ ಏನು ಓದಿದ್ರೆ ಡಿಪ್ಲೊಮಾ ಅನ್ನೋದನ್ನ ಬಹುಪಾಲು ಡಿಸ್ಟ್ರಿಕ್ಟ್‌ಗಳ ಇಷ್ಟಕ್ಕೆ ಬಿಟ್ಟಿದ್ರು. 1983ರ ಏಪ್ರಿಲ್‌ನಲ್ಲಿ ರೇಗನ್ ಸರ್ಕಾರದ ಆಯೋಗ ಕೊಟ್ಟ ಎ ನೇಶನ್ ಅಟ್ ರಿಸ್ಕ್ ವರದಿ ಹೈಸ್ಕೂಲ್ ಪಠ್ಯ ಕೆಫೆಟೇರಿಯಾ ಥರ ಆಗಿದೆ, ಮಕ್ಕಳು ಊಟ ಬಿಟ್ಟು ಸಿಹಿ ಮಾತ್ರ ಎತ್ಕೊಳ್ತಿದಾರೆ ಅನ್ನೋ ಅರ್ಥದಲ್ಲಿ ಬೈದು, ಎಲ್ಲರಿಗೂ 4 ವರ್ಷ ಇಂಗ್ಲಿಷ್, 3 ವರ್ಷ ಗಣಿತ, 3 ವರ್ಷ ವಿಜ್ಞಾನ, 3 ವರ್ಷ ಸಮಾಜ, ಅರ್ಧ ವರ್ಷ ಕಂಪ್ಯೂಟರ್ ಬೇಕು ಅಂತು. ಅದೇ ವರ್ಷ ಕ್ಯಾಲಿಫೋರ್ನಿಯಾ ಎಸ್‌ಬಿ 813 ಅನ್ನೋ ಕಾನೂನು ಮಾಡ್ತು. ಇವತ್ತಿಗೂ ರಾಜ್ಯದ ಕನಿಷ್ಠ ಪಟ್ಟಿಯ ಬುಡ ಅದೇ: ಇಂಗ್ಲಿಷ್ 3 ವರ್ಷ, ಗಣಿತ 2, ವಿಜ್ಞಾನ 2, ಸಮಾಜ 3, ಕಲೆ ಅಥವಾ ಇನ್ನೊಂದು ಭಾಷೆ 1, ಆಮೇಲೆ ನಮ್ಮನ್ನ ಕಾಡಿದ ಪಿಇ 2, ಒಟ್ಟು 13. ಆಮೇಲೆ ಆಲ್ಜಿಬ್ರಾ ಕಡ್ಡಾಯ ಆಯ್ತು, ಕಲೆ ಭಾಷೆ ಬದಲು ವೃತ್ತಿ ಕೋರ್ಸೂ ನಡೆಯತ್ತೆ ಅಂತ ಆಯ್ತು. ಈ 13ರ ಮೇಲೆ ಡಿಸ್ಟ್ರಿಕ್ಟ್‌ಗಳು ತಮಗೆ ಬೇಕಾದ್ದು ಸೇರಿಸ್ತವೆ.

ಮಧ್ಯದಲ್ಲಿ ನಮ್ಮ ಎಸ್ಸೆಸ್ಸೆಲ್ಸಿ ಥರ ಒಂದು ಪರೀಕ್ಷೇನೂ ಬಂದು ಹೋಯ್ತು. 1999ರಲ್ಲಿ ಕಾನೂನು, 2006ರ ಬ್ಯಾಚಿಂದ ಎಕ್ಸಿಟ್ ಎಕ್ಸಾಮ್ ಪಾಸಾಗ್ದೇ ಡಿಪ್ಲೊಮಾ ಇಲ್ಲ ಅಂದ್ರು, 2015ರಲ್ಲಿ ನಿಲ್ಲಿಸಿದ್ರು, ಬರೀ ಆ ಪರೀಕ್ಷೆಯಿಂದ ಸಿಕ್ಕಾಕ್ಕೊಂಡಿದ್ದ ಹಳೇ ಬ್ಯಾಚಿನೋರಿಗೂ ಕರೆದು ಡಿಪ್ಲೊಮಾ ಕೊಟ್ರು, 2017ರಲ್ಲಿ ಪೂರ್ತಿ ರದ್ದು. ಮತ್ತೆ ಉಳಿದಿದ್ದು ಬೆಂಚಿನ ಲೆಕ್ಕಾನೇ.

ನಮ್ಮೋರು ನಿಜವಾಗಿ ಎಡವೋದು ಇಲ್ಲಿ: ಡಿಪ್ಲೊಮಾದ ಪಟ್ಟಿ ಬೇರೆ, ಯೂನಿವರ್ಸಿಟಿ ಪಟ್ಟಿ ಬೇರೆ. ರಾಜ್ಯದ ಎರಡು ಸರ್ಕಾರಿ ಯೂನಿವರ್ಸಿಟಿಗಳಾದ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ (ಯುಸಿ) ಮತ್ತು ಕ್ಯಾಲ್ ಸ್ಟೇಟ್ ಕೇಳೋದು ಎ ಟು ಜಿ ಅನ್ನೋ 15 ಕೋರ್ಸಿನ ಪಟ್ಟಿ, ಸಮಾಜ 2, ಇಂಗ್ಲಿಷ್ 4, ಗಣಿತ 3, ವಿಜ್ಞಾನ 2, ಇಂಗ್ಲಿಷ್ ಅಲ್ಲದ ಭಾಷೆ 2, ಕಲೆ 1, ಇನ್ನೊಂದು 1. ಇದರಲ್ಲಿ ಪಿಇ ಹೆಸರೇ ಇಲ್ಲ! ರಾಜ್ಯದ ಪಟ್ಟೀಲಿ ಗಣಿತ ಎರಡೇ ವರ್ಷ ಸಾಕು, ಇಲ್ಲಿ ಮೂರು ಬೇಕು. ಡಿ ಗ್ರೇಡ್ ಬಂದ್ರೂ ಕ್ರೆಡಿಟ್ ಸಿಕ್ಕಿ ಡಿಪ್ಲೊಮಾ ಬರತ್ತೆ, ಎ ಟು ಜಿಗೆ ಸಿ ಕೆಳಗೆ ಇಳಿದ್ರೆ ಆ ಕೋರ್ಸ್ ಇಲ್ಲದ ಲೆಕ್ಕ. ಹೀಗಾಗಿ ಸ್ಟೇಜ್ ಹತ್ತಿ ಟೋಪಿ ಹಾಕ್ಕೊಂಡು ಡಿಪ್ಲೊಮಾ ತಗೊಂಡ ಎಷ್ಟೋ ಮಕ್ಕಳು ತಮ್ಮ ರಾಜ್ಯದ ಯೂನಿವರ್ಸಿಟಿಗೆ ಅರ್ಜಿ ಹಾಕೋಕೇ ಅರ್ಹರಲ್ಲ, ಅದು ಎಷ್ಟೋ ಜನಕ್ಕೆ ಗೊತ್ತಾಗೋದು ಹನ್ನೆರಡನೇ ಕ್ಲಾಸಲ್ಲಿ. ಈ ಎರಡು ಪಟ್ಟಿನ ಒಂದು ಮಾಡೋ ಪ್ರಯತ್ನ ಮೊದಲು ಮಾಡಿದ್ದು ನಮ್ಮ ಪಕ್ಕದ ಸ್ಯಾನ್ ಹೋಸೆ, 2002ರ ಬ್ಯಾಚಿಂದ ಎಲ್ಲರಿಗೂ ಎ ಟು ಜಿ ಅಂತು, 2005ರಲ್ಲಿ ಲಾಸ್ ಏಂಜಲಿಸ್ ಕೂಡ ಅದೇ ನಿರ್ಧಾರ ಮಾಡ್ತು, ಆದ್ರೆ ಜಾರಿ ಬರೋ ಹೊತ್ತಿಗೆ ತುಂಬಾ ಮಕ್ಕಳು ಉಳ್ಕೊಂಡ್ಬಿಡ್ತಾರೆ ಅಂತ ಡಿ ಬಂದ್ರೂ ಗ್ರಾಜುಯೇಶನ್ನಿಗೆ ಪರವಾಗಿಲ್ಲ ಅಂತ ಸಡಿಲ ಮಾಡ್ಬೇಕಾಯ್ತು. ನನಗನ್ಸೋ ಪ್ರಕಾರ ಇದೇ ಈ ವ್ಯವಸ್ಥೆಯ ದೊಡ್ಡ ಮೋಸ. ಬೇಕಂತ ಮಾಡಿದ ಮೋಸ ಅಲ್ಲ, ಎರಡು ಆಫೀಸು ಎರಡು ಪಟ್ಟಿ ಇಟ್ಕೊಂಡು ಎರಡನ್ನೂ ಹದಿನಾಲ್ಕು ವರ್ಷದ ಮಗು ತಾಳೆ ಹಾಕ್ಕೊಳ್ಲಿ ಅಂತ ಬಿಟ್ಟಿರೋದು. ಮನೇಲಿ ಎಕ್ಸೆಲ್ ಶೀಟ್ ಹಾಕೋ ಅಪ್ಪ ಅಮ್ಮ ಇದ್ರೆ ದಾಟತ್ತೆ, ಎರಡೆರಡು ಶಿಫ್ಟ್ ಕೆಲಸ ಮಾಡೋರ ಮಕ್ಕಳಿಗೆ ಯಾರು ಹೇಳ್ತಾರೆ?

ಗಣಿತದ ಕಥೆ ಇನ್ನೂ ಬಿಗಿ. ಆಲ್ಜಿಬ್ರಾ 1, ಜಿಯೊಮೆಟ್ರಿ, ಆಲ್ಜಿಬ್ರಾ 2, ಪ್ರಿಕ್ಯಾಲ್ಕುಲಸ್, ಕ್ಯಾಲ್ಕುಲಸ್, ಒಂದರ ಹಿಂದೆ ಒಂದು ಐದು ಮೆಟ್ಟಿಲು, ಹೈಸ್ಕೂಲ್ ಇರೋದು ನಾಲ್ಕೇ ವರ್ಷ. ಅಂದ್ರೆ ಹನ್ನೆರಡರಲ್ಲಿ ಕ್ಯಾಲ್ಕುಲಸ್ ಬೇಕು ಅಂದ್ರೆ ಎಂಟರಲ್ಲೇ ಆಲ್ಜಿಬ್ರಾ ಆಗಿರ್ಬೇಕು, ಇಲ್ಲಾ ಬೇಸಿಗೇಲಿ ಒಂದು ಮೆಟ್ಟಿಲು ಹಾರ್ಬೇಕು. ಸ್ಯಾನ್ ಫ್ರಾನ್ಸಿಸ್ಕೊ 2014ರಲ್ಲಿ ಎಂಟನೇ ಕ್ಲಾಸಿನ ಆಲ್ಜಿಬ್ರಾ ತೆಗೆದು ಎಲ್ಲರಿಗೂ ಒಂಬತ್ತರಲ್ಲೇ ಅಂತ ಮಾಡಿತ್ತು, ಬೇಗ ಬೇಗ ಸಾಲು ಬೇರೆ ಮಾಡೋದು ಬೇಡ ಅನ್ನೋ ಒಳ್ಳೇ ಉದ್ದೇಶಕ್ಕೇ. ಅನುಕೂಲ ಇದ್ದೋರು ಹೊರಗೆ ದುಡ್ಡು ಕೊಟ್ಟು ಕಲಿಸ್ಕೊಂಡ್ರು, ಇಲ್ಲದೋರು ಅಲ್ಲೇ ಉಳಿದ್ರು, ಹತ್ತು ವರ್ಷ ಜಗಳ ಆಗಿ 2024ರ ಮಾರ್ಚಲ್ಲಿ ಊರಿನ ಮತದಾರರೇ ವಾಪಸ್ ತನ್ನಿ ಅಂತ ಭಾರೀ ಬಹುಮತದಲ್ಲಿ ಹೇಳಿದ್ರು. ಎಲಿಯಟ್‌ನ ನೂರು ವರ್ಷ ಹಳೇ ಮಾತೇ ಮತ್ತೆ ಬೀದಿಗೆ ಬಂದಿತ್ತು.

ಇನ್ನು ನಮ್ಮ ಮನೆಗಳಲ್ಲಿ ಆಗೋ ಎರಡು ಗೊಂದಲ. ಭರತನಾಟ್ಯ ಹತ್ತು ವರ್ಷ ಕಲ್ತು ರಂಗಪ್ರವೇಶ ಆಗಿದೆ, ಕಲೆಯ ಕೋರ್ಸಿಗೆ ಇದು ಸಾಕಲ್ವಾ ಅಂತ ಕೇಳ್ತಾರೆ. ಸಾಕಾಗಲ್ಲ. ಹೊರಗಿನ ಪ್ರೈವೇಟ್ ಕ್ಲಾಸು ಎ ಟು ಜಿ ಪಟ್ಟೀಲಿ ಕಲೆಯ ಅಕ್ಷರವಾದ ಎಫ್‌ಗೆ ಲೆಕ್ಕಕ್ಕಿಲ್ಲ, ಅನುಮೋದನೆ ಆದ ಕೋರ್ಸೇ ಬೇಕು, ಅರಂಗೇಟ್ರಂ ಆದ ಹುಡುಗಿನೂ ಸ್ಕೂಲಲ್ಲಿ ಮಣ್ಣು ಕಲಸಿ ಮಡಿಕೆ ಮಾಡ್ಬೇಕು, ಇಲ್ಲಾ ಬ್ಯಾಂಡಲ್ಲಿ ತುತ್ತೂರಿ ಊದ್ಬೇಕು. ಕನ್ನಡದ ವಿಷ್ಯ ಸ್ವಲ್ಪ ವಾಸಿ. ಊರಲ್ಲಿ ಆರನೇ ಕ್ಲಾಸಿಂದ ಮೇಲೆ ಎರಡು ವರ್ಷವಾದ್ರೂ ಕನ್ನಡ ಮೀಡಿಯಂನಲ್ಲಿ ಓದಿ ಬಂದ ಮಗುಗೆ ಯುಸಿ ಭಾಷೆಯ ಷರತ್ತು ಅದರಲ್ಲೇ ಮುಗಿಯೋಕೆ ದಾರಿ ಇದೆ. ನಮ್ಮೂರಲ್ಲಿ ಕನ್ನಡ ಮೀಡಿಯಂ ಅಂದ್ರೆ ಮೂಗು ಮುರಿಯೋರು ಇದನ್ನೊಮ್ಮೆ ಕೇಳಿಸ್ಕೊಳ್ಬೇಕು. ಇಲ್ಲೇ ಹುಟ್ಟಿ ವಾರಾಂತ್ಯದ ಕನ್ನಡ ಶಾಲೇಲಿ ಕಲ್ತವರಿಗೆ ಕ್ರೆಡಿಟ್ ಸಿಗತ್ತೋ ಇಲ್ವೋ ಅನ್ನೋದು ಡಿಸ್ಟ್ರಿಕ್ಟ್ ಕೈಲಿದೆ, ಒಂಬತ್ತನೇ ಕ್ಲಾಸ್ ಶುರುವಾಗೋ ಮುಂಚೇನೇ ಬರಹದಲ್ಲಿ ಕೇಳಿ ತಗೊಳ್ಳೋದು ಕ್ಷೇಮ. ಎರಡು ಭಾಷೆ ಚೆನ್ನಾಗಿ ಬಲ್ಲ ಮಕ್ಕಳ ಡಿಪ್ಲೊಮಾ ಮೇಲೆ ಬೈಲಿಟರಸಿ ಸೀಲ್ ಅಂತ ಒಂದು ಮುದ್ರೆ ಹಾಕೋದನ್ನ 2011ರ ಕಾನೂನಿನ ಮೂಲಕ ದೇಶದಲ್ಲಿ ಮೊದಲು ತಂದಿದ್ದೂ ಕ್ಯಾಲಿಫೋರ್ನಿಯಾನೇ.

ಪಟ್ಟಿ ಬೆಳೀತಾನೇ ಇದೆ. 2021ರಲ್ಲಿ ಎಥ್ನಿಕ್ ಸ್ಟಡೀಸ್ (ಅಮೆರಿಕದ ಬೇರೆ ಬೇರೆ ಜನಾಂಗಗಳ ಚರಿತ್ರೆ, ಬದುಕಿನ ಓದು) ಒಂದು ಸೆಮಿಸ್ಟರ್ ಬೇಕು ಅಂತ ಕಾನೂನಾಯ್ತು, 2030ರ ಬ್ಯಾಚಿಂದ, ಆದ್ರೆ ಬಜೆಟ್ಟಲ್ಲಿ ದುಡ್ಡು ಇಟ್ರೆ ಮಾತ್ರ ಜಾರಿ ಅನ್ನೋ ಷರತ್ತೂ ಅದರಲ್ಲೇ ಇದೆ. 2024ರಲ್ಲಿ ಪರ್ಸನಲ್ ಫೈನಾನ್ಸ್ ಬಂತು, 2031ರ ಬ್ಯಾಚಿಗೆ ಕಡ್ಡಾಯ, ಬೇಕಾದ್ರೆ ಎಕನಾಮಿಕ್ಸ್ ಬದಲು ಅದನ್ನೇ ತಗೋಬಹುದು. ಅತ್ಲಾಗೆ ಕಾರ್ನೆಗಿ ಫೌಂಡೇಶನ್ನೇ ಈಗ ಕೆಲವು ವರ್ಷದಿಂದ ಗಂಟೆ ಲೆಕ್ಕ ಸಾಕು, ಮಗು ಏನು ಕಲ್ತಿದೆ ಅನ್ನೋದನ್ನ ಅಳೆಯೋಣ ಅಂತ ಹೇಳ್ಕೊಂಡು ಓಡಾಡ್ತಿದೆ, ನ್ಯೂ ಹ್ಯಾಂಪ್‌ಶೈರ್ ರಾಜ್ಯ 2005ರಲ್ಲೇ ಆ ದಾರಿ ಹಿಡೀತು. ನಮ್ಮ ಕಡೆ ಅಂಥ ಗಾಳಿ ಇನ್ನೂ ಬೀಸಿಲ್ಲ. ಚಿಕ್ಕವಳ ಫಾರಂ ಊಟದ ಟೇಬಲ್ ಮೇಲಿದೆ, ಶುಕ್ರವಾರ ಕೊನೇ ದಿನ, ಒಂಬತ್ತನೇ ಕ್ಲಾಸಿನ ಕಾಲಮ್ಮಲ್ಲಿ ನಾನು ಮೊದಲು ಬರೆದಿದ್ದು ಪಿಇ.