ಈಚಿನ ವೈದ್ಯಕೀಯ ಸಂಶೋಧನೆ: ಯಾರಿಗೆ, ಯಾವಾಗ, ಎಷ್ಟು? – ಅಧ್ಯಯನ ಟಿಪ್ಪಣಿ

ಕೋವಿಡ್‌ಗೆ ಡೆಕ್ಸಾಮೆಥಾಸೋನ್ (ಉರಿಯೂತ ಅದುಮುವ ಸ್ಟೀರಾಯ್ಡ್ ಔಷಧಿ) ಕೆಲಸ ಮಾಡುತ್ತದೆಯೇ? ಈ ಪ್ರಶ್ನೆಗೆ ಬರೀ "ಹೌದು" ಎಂದು ಬರೆದರೆ ಉತ್ತರ ಅರ್ಧಕ್ಕೇ ನಿಂತಂತೆ. 2020ರಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ ದಿನಕ್ಕೆ 6 ಮಿ.ಗ್ರಾಂ.ನಂತೆ ಗರಿಷ್ಠ 10 ದಿನ ಈ ಔಷಧಿ ಕೊಟ್ಟು, 28 ದಿನದೊಳಗಿನ ಸಾವುಗಳನ್ನು ಎಣಿಸಿದರು. ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು ಶೇ. 41.4ರಿಂದ 29.3ಕ್ಕೆ ಇಳಿಯಿತು. ಆಮ್ಲಜನಕ ಮಾತ್ರ ಬೇಕಾಗಿದ್ದವರಲ್ಲಿ 26.2ರಿಂದ 23.3ಕ್ಕೆ ಇಳಿಯಿತು. ಆಮ್ಲಜನಕವೇ ಬೇಡದಿದ್ದವರಲ್ಲಿ ಮಾತ್ರ ಔಷಧಿ ಪಡೆದ ಗುಂಪಿನ ಸಾವು ಶೇ. 17.8, ಪಡೆಯದ ಗುಂಪಿನದು ಶೇ. 14. ಈ ಕೊನೆಯ ವ್ಯತ್ಯಾಸ ಆಕಸ್ಮಿಕವೂ ಇರಬಹುದು, ಆದರೆ ಲಾಭವಂತೂ ಕಾಣಲಿಲ್ಲ. ಆರಂಭದ ದಿನಗಳಲ್ಲಿ ವೈರಸ್ಸಿನ ಹಾವಳಿ ಹೆಚ್ಚು, ಆಗ ರೋಗನಿರೋಧಕ ಶಕ್ತಿಯನ್ನು ಅದುಮುವುದು ಸರಿಯಲ್ಲ. ಶ್ವಾಸಕೋಶವನ್ನು ಉರಿಯೂತವೇ ಹಾಳುಮಾಡುವ ಹಂತ ಬಂದಾಗ ಅದನ್ನೇ ಅದುಮಬೇಕು. ಔಷಧಿ ಒಂದೇ, ಹೊತ್ತು ಬೇರೆ.

ಆದ್ದರಿಂದ ಮುಂದಿನ ಪ್ರತಿಯೊಂದು ಸಂಶೋಧನೆಯನ್ನೂ ಮೂರು ಪ್ರಶ್ನೆ ಕೇಳಿಕೊಂಡು ಓದಿ: ಯಾರಲ್ಲಿ ನೋಡಿದರು, ಯಾವಾಗ ಕೊಟ್ಟರು, ನಿಜವಾದ ಅಂತರ ಎಷ್ಟು.

ಕಿಡ್ನಿ: ಸಕ್ಕರೆ ಕಾಯಿಲೆಯ ಮಾತ್ರೆ ಕಿಡ್ನಿಯನ್ನು ಕಾಪಾಡಿದ ಬಗೆ

ಮೊದಲು ಲೆಕ್ಕ. 2020ರ ಡಾಪಾ-ಸಿಕೆಡಿ ಪ್ರಯೋಗದಲ್ಲಿ 4304 ಕಿಡ್ನಿ ರೋಗಿಗಳಿದ್ದರು. ಅರ್ಧ ಜನಕ್ಕೆ ದಿನಕ್ಕೆ 10 ಮಿ.ಗ್ರಾಂ. ಡಾಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ, ಉಳಿದರ್ಧಕ್ಕೆ ಪ್ಲಸೀಬೊ (ಔಷಧಿಯಿಲ್ಲದ ಹುಸಿ ಮಾತ್ರೆ). ಎಣಿಸಿದ್ದು ಇಷ್ಟನ್ನು: ಇಜಿಎಫ್ಆರ್ (ಕಿಡ್ನಿ ರಕ್ತ ಸೋಸುವ ವೇಗದ ಅಂದಾಜು) ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಕುಸಿಯುವುದು, ಕಿಡ್ನಿ ಪೂರ್ತಿ ಕೈಕೊಡುವುದು, ಕಿಡ್ನಿ ಅಥವಾ ಹೃದಯದ ಕಾರಣದಿಂದ ಸಾವು. ಪ್ಲಸೀಬೊ ಗುಂಪಿನಲ್ಲಿ ಇವು ಶೇ. 14.5 ಜನರಿಗೆ ಆದವು, ಔಷಧಿ ಗುಂಪಿನಲ್ಲಿ ಶೇ. 9.2 ಜನರಿಗೆ. ಸುದ್ದಿಯ ತಲೆಬರಹದಲ್ಲಿ ಬರುವುದು "ಶೇ. 39 ಇಳಿಕೆ". ನೀವು ಕಳೆಯಿರಿ: 14.5 − 9.2 = 5.3. ಈಗ 100 ಅನ್ನು 5.3ರಿಂದ ಭಾಗಿಸಿದರೆ ಸುಮಾರು 19. ಅಂದರೆ 19 ಜನ ಸುಮಾರು ಎರಡೂವರೆ ವರ್ಷ ಮಾತ್ರೆ ನುಂಗಿದರೆ ಒಬ್ಬರಿಗೆ ಈ ಕೆಡುಕು ತಪ್ಪುತ್ತದೆ. ಕಿಡ್ನಿ ವೈದ್ಯದಲ್ಲಿ ಇದು ನಿಜಕ್ಕೂ ದೊಡ್ಡ ಲಾಭ. ಸಕ್ಕರೆ ಕಾಯಿಲೆ ಇಲ್ಲದವರಿಗೂ ಲಾಭವಾಯಿತು ಎಂಬುದು ಇನ್ನೂ ದೊಡ್ಡ ವಿಷಯ.

ಇದು ಹೇಗೆ ಸಾಧ್ಯವಾಯಿತು? ಕಿಡ್ನಿಯ ಸೋಸುಗುಚ್ಛದಿಂದ (ಗ್ಲೋಮೆರುಲಸ್) ಇಳಿದ ಸಕ್ಕರೆಯ ಹೆಚ್ಚುಪಾಲನ್ನು ನಾಳದ ಮೊದಲ ಭಾಗದಲ್ಲಿರುವ ಎಸ್‌ಜಿಎಲ್‌ಟಿ-2 ಎಂಬ ಸಾಗಣೆ ಪ್ರೋಟೀನು ಸೋಡಿಯಂ ಜೊತೆಗೆ ಮತ್ತೆ ಒಳಕ್ಕೆ ಎಳೆದುಕೊಳ್ಳುತ್ತದೆ. ಮಾತ್ರೆ ಅದನ್ನು ತಡೆದಾಗ ಸೋಡಿಯಂ ನಾಳದ ಮುಂದಿನ ಭಾಗಕ್ಕೆ ಹರಿದು ಹೋಗುತ್ತದೆ. ಅಲ್ಲಿರುವ ಮ್ಯಾಕುಲಾ ಡೆನ್ಸಾ ಕೋಶಗಳು "ಸೋಸುವಿಕೆ ಅತಿಯಾಗಿದೆ" ಎಂದು ಗ್ರಹಿಸಿ, ಗುಚ್ಛಕ್ಕೆ ರಕ್ತ ತರುವ ಕಿರುಧಮನಿಯನ್ನು ಬಿಗಿಯಾಗಿಸುತ್ತವೆ. ಒಳಗಿನ ಒತ್ತಡ ಇಳಿಯುತ್ತದೆ. ವರ್ಷಗಟ್ಟಲೆ ಹೆಚ್ಚಿನ ಒತ್ತಡದಲ್ಲಿ ಸವೆಯುತ್ತಿದ್ದ ಗುಚ್ಛಕ್ಕೆ ಆಗ ವಿಶ್ರಾಂತಿ.

ಎಡವುವುದೂ ಇಲ್ಲೇ. ಒತ್ತಡ ಇಳಿದದ್ದರಿಂದ ಮೊದಲ ಕೆಲವು ವಾರಗಳಲ್ಲಿ ಇಜಿಎಫ್ಆರ್ ತುಸು ತಗ್ಗುತ್ತದೆ, ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ರಕ್ತದ ಕಸ) ತುಸು ಏರುತ್ತದೆ. ಇದನ್ನು ಕಂಡು "ಕಿಡ್ನಿ ಕೆಡುತ್ತಿದೆ" ಎಂದು ಮಾತ್ರೆ ನಿಲ್ಲಿಸಿದರೆ ರೋಗಿಗೆ ಸಿಗಬೇಕಿದ್ದ ಲಾಭವನ್ನೇ ಕಿತ್ತುಕೊಂಡಂತೆ. ಔಷಧಿ ಕೆಲಸ ಶುರುಮಾಡಿದ್ದರ ಗುರುತು ಅದು. ಆದರೆ ಇಳಿಕೆ ಶೇ. 30 ದಾಟಿದರೆ ಬೇರೆ ಕಾರಣ ಹುಡುಕಬೇಕು. ನೀರಿನಂಶ ಕಡಿಮೆಯಾಗಿದೆಯೇ, ಮೂತ್ರ ಹೆಚ್ಚಿಸುವ ಮಾತ್ರೆ ಅತಿಯಾಯಿತೇ ಎಂದು ಮೊದಲು ನೋಡಿ.

ಎರಡನೆಯ ಅಪಾಯ ಕೀಟೋಆಸಿಡೋಸಿಸ್, ಅಂದರೆ ಕೀಟೋನ್ ಎಂಬ ಆಮ್ಲಗಳು ಹೆಚ್ಚಿ ರಕ್ತ ಆಮ್ಲೀಯವಾಗುವುದು. ವಾಂತಿಯಾಗಿ ಊಟ ಬಿಟ್ಟ ಸಕ್ಕರೆ ರೋಗಿ ಈ ಮಾತ್ರೆಯನ್ನು ಮುಂದುವರಿಸಿದರೆ ರಕ್ತದಲ್ಲಿ ಕೀಟೋನ್ ಏರಬಹುದು. ಗ್ಲುಕೋಮೀಟರ್ ಮಾತ್ರ ಸಹಜಕ್ಕೆ ಹತ್ತಿರದ ಅಂಕಿಯನ್ನೇ ತೋರಿಸುತ್ತಿರುತ್ತದೆ, ಯಾಕೆಂದರೆ ಸಕ್ಕರೆ ಮೂತ್ರದಲ್ಲಿ ಹೋಗುತ್ತಿದೆ. ಸಕ್ಕರೆ ಸರಿಯಿದೆ ಎಂದು ಸಮಾಧಾನಪಡದೆ ರಕ್ತದ ಕೀಟೋನ್ ನೋಡಬೇಕು. ಊಟ ಬಿಟ್ಟ ದಿನಗಳಲ್ಲಿ ಮಾತ್ರೆಯನ್ನೂ ಬಿಡಬೇಕು, ಯೋಜಿತ ಶಸ್ತ್ರಚಿಕಿತ್ಸೆಗೆ ಮುನ್ನ ಕನಿಷ್ಠ 3 ದಿನ ನಿಲ್ಲಿಸಬೇಕು. ಜನನಾಂಗದ ಶಿಲೀಂಧ್ರ ಸೋಂಕು ಇದಕ್ಕಿಂತ ಸಾಮಾನ್ಯ, ಮೊದಲೇ ತಿಳಿಸಿದ್ದರೆ ರೋಗಿ ಗಾಬರಿಯಾಗುವುದಿಲ್ಲ. ಇನ್ನೊಂದು ಮಾತು: ಟೈಪ್ 1 ಮಧುಮೇಹ, ಪಾಲಿಸಿಸ್ಟಿಕ್ ಕಿಡ್ನಿ, ಲೂಪಸ್ ನೆಫ್ರೈಟಿಸ್ ಇರುವವರನ್ನು ಈ ಪ್ರಯೋಗಕ್ಕೆ ಸೇರಿಸಿರಲಿಲ್ಲ. 19ರ ಲೆಕ್ಕ ಅವರದ್ದಲ್ಲ.

ಪ್ರಸೂತಿ: ಚೀಲದ ಮೇಲಿನ ಗೆರೆ

ಈ ಟಿಪ್ಪಣಿಯಲ್ಲಿ ನನಗೆ ಅತಿ ಮುಖ್ಯವೆನಿಸುವುದು 2023ರ ಇ-ಮೋಟಿವ್. ಇಲ್ಲಿ ಹೊಸ ಔಷಧಿ ಒಂದೂ ಇಲ್ಲ. ಕೆನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ ಯೋನಿಮಾರ್ಗದ ಹೆರಿಗೆಯಾದ 2 ಲಕ್ಷಕ್ಕೂ ಹೆಚ್ಚು ಬಾಣಂತಿಯರ ಮೇಲೆ ನಡೆದ ಪ್ರಯೋಗ ಇದು.

ಹೆರಿಗೆಯ ನಂತರದ ರಕ್ತಸ್ರಾವವನ್ನು ಕಣ್ಣಳತೆಯಲ್ಲಿ ಅಂದಾಜು ಮಾಡುವುದು ಹಳೆಯ ರೂಢಿ. ಬಟ್ಟೆಗೆ ಹೀರಿದ್ದು, ನೆಲಕ್ಕೆ ಚೆಲ್ಲಿದ್ದು ಲೆಕ್ಕಕ್ಕೆ ಸಿಗದೆ ಅಂದಾಜು ಸಾಮಾನ್ಯವಾಗಿ ಕಡಿಮೆಯೇ ಬರುತ್ತದೆ. ಇ-ಮೋಟಿವ್‌ನಲ್ಲಿ ಬಳಸಿದ್ದು ಅಳತೆಗೆರೆಗಳಿರುವ ಪ್ಲಾಸ್ಟಿಕ್ ಹಾಸು. ಮಗು ಹೊರಬಂದ ಕೂಡಲೇ ಬಾಣಂತಿಯ ಪೃಷ್ಠದ ಕೆಳಗೆ ಅದನ್ನು ಹಾಸುತ್ತಾರೆ, ರಕ್ತ ಕೆಳಗಿನ ಚೀಲಕ್ಕೆ ಇಳಿಯುತ್ತದೆ. ಮೊದಲೇ ಹಾಸಿದರೆ ಗರ್ಭನೀರೂ ಸೇರಿ ಅಳತೆ ಸುಳ್ಳಾಗುತ್ತದೆ. ಮೊದಲ ಒಂದು ತಾಸು, 15 ನಿಮಿಷಕ್ಕೊಮ್ಮೆ ಚೀಲವನ್ನು ನೋಡಿ ಬರೆದಿಡಬೇಕು, ನಾಡಿ-ಬಿಪಿಗಳನ್ನೂ ನೋಡಬೇಕು. 500 ಮಿ.ಲೀ. ಮುಟ್ಟಿದರೆ ಚಿಕಿತ್ಸೆ ಶುರು. 300 ದಾಟಿದ್ದು, ಜೊತೆಗೆ ನಾಡಿ ಏರಿಕೆ, ಬಿಪಿ ಇಳಿಕೆಯಂಥ ಒಂದು ಲಕ್ಷಣ ಇದ್ದರೂ ಶುರು.

ಚಿಕಿತ್ಸೆಯಲ್ಲಿ ಐದು ಕೆಲಸ: ಗರ್ಭಕೋಶ ಗಟ್ಟಿಯಾಗುವವರೆಗೆ ಹೊಟ್ಟೆಯ ಮೇಲಿನಿಂದ ಉಜ್ಜುವುದು, ಆಕ್ಸಿಟೋಸಿನ್ (ಗರ್ಭಕೋಶವನ್ನು ಬಿಗಿಯಾಗಿಸುವ ಔಷಧಿ), 1 ಗ್ರಾಂ ಟ್ರಾನೆಕ್ಸಾಮಿಕ್ ಆಸಿಡ್ (ಹೆಪ್ಪುಗಟ್ಟಿದ ರಕ್ತ ಕರಗದಂತೆ ತಡೆಯುವ ಔಷಧಿ), ಡ್ರಿಪ್, ಮತ್ತು ಹರಿದ ಗಾಯವಿದೆಯೇ, ಮೂತ್ರಕೋಶ ತುಂಬಿದೆಯೇ, ಮಾಸು ಪೂರ್ತಿ ಬಂದಿದೆಯೇ ಎಂಬ ತಪಾಸಣೆ. ಒಂದು ಮಾಡಿ ಕಾದು, ಆಗದಿದ್ದರೆ ಇನ್ನೊಂದು ಎಂಬ ಹಳೆಯ ಮೆಟ್ಟಿಲು ಇಲ್ಲಿಲ್ಲ. ಎಲ್ಲವೂ ಒಟ್ಟಿಗೆ.

ಫಲಿತಾಂಶ: ತೀವ್ರ ರಕ್ತಸ್ರಾವ (1000 ಮಿ.ಲೀ. ಅಥವಾ ಹೆಚ್ಚು), ಅದಕ್ಕಾಗಿ ಹೊಟ್ಟೆ ಕೊಯ್ಯಬೇಕಾಗಿ ಬರುವುದು, ಅದರಿಂದ ಸಾವು – ಇವೆಲ್ಲ ಸೇರಿ ಶೇ. 4.3ರಿಂದ 1.6ಕ್ಕೆ ಇಳಿದವು. ರಕ್ತಸ್ರಾವ ಪತ್ತೆಯಾಗುವ ಪ್ರಮಾಣ ಶೇ. 51ರಿಂದ 93ಕ್ಕೆ ಏರಿತು. ಹೋಲಿಕೆಯ ಆಸ್ಪತ್ರೆಗಳಲ್ಲೂ ಹಾಸು ಇತ್ತು, ಅದರ ಮೇಲೆ ಗೆರೆಗಳಿರಲಿಲ್ಲ! ಹಾಗೆಂದು ಗೆರೆಯೊಂದೇ ಇಷ್ಟನ್ನೂ ಮಾಡಿತು ಎನ್ನಲಾಗದು. ತರಬೇತಿ, ಐದು ಕೆಲಸಗಳ ಕಟ್ಟು ಎಲ್ಲವೂ ಜೊತೆಗಿದ್ದವು. ಸಾವನ್ನು ಮಾತ್ರ ಬೇರೆ ಎಣಿಸಿದಾಗ ಸ್ಪಷ್ಟ ಅಂತರ ಕಾಣಲಿಲ್ಲ ಎಂಬುದನ್ನೂ ಬರೆದಿಟ್ಟುಕೊಳ್ಳಿ.

ಟ್ರಾನೆಕ್ಸಾಮಿಕ್ ಆಸಿಡ್ ಬಗ್ಗೆ ಮೂರು ಎಚ್ಚರಿಕೆ. ಹೆರಿಗೆಯಾಗಿ 3 ತಾಸಿನೊಳಗೆ ಕೊಟ್ಟರಷ್ಟೇ ಫಲ, ಪ್ರತಿ 15 ನಿಮಿಷದ ತಡಕ್ಕೂ ಲಾಭ ಸುಮಾರು ಶೇ. 10ರಷ್ಟು ಕರಗುತ್ತದೆ. ರಕ್ತನಾಳಕ್ಕೆ ಸುಮಾರು 10 ನಿಮಿಷದಲ್ಲಿ ನಿಧಾನವಾಗಿ ಹೋಗಬೇಕು, ರಭಸವಾಗಿ ಕೊಟ್ಟರೆ ಬಿಪಿ ಕುಸಿಯಬಹುದು. ಇನ್ನು, ಇದರ ಆಂಪೂಲ್ ಬೆನ್ನಿಗೆ ಕೊಡುವ ಅರಿವಳಿಕೆ ಔಷಧಿಯ ಆಂಪೂಲನ್ನು ಹೋಲುತ್ತದೆ. ಅದಲುಬದಲಾಗಿ ಬೆನ್ನುಹುರಿಯ ದ್ರವಕ್ಕೆ ಸೇರಿ ಸಾವುಗಳಾಗಿವೆ. ಅರಿವಳಿಕೆಯ ಟ್ರೇಯಲ್ಲಿ ಇದನ್ನು ಎಂದೂ ಇಡಬೇಡಿ.

ಹೃದಯ: ಎರಡು ಚಿಕ್ಕ ಟಿಪ್ಪಣಿ

ಆಸ್ಪ್ರೀ (2018): ಹೃದಯ ರೋಗವೇ ಇಲ್ಲದ 19,114 ಹಿರಿಯರಿಗೆ, ಹೆಚ್ಚಿನವರು 70 ದಾಟಿದವರು, ದಿನಕ್ಕೆ 100 ಮಿ.ಗ್ರಾಂ. ಆಸ್ಪಿರಿನ್ ಅಥವಾ ಪ್ಲಸೀಬೊ. ಹೃದಯಕ್ಕೆ ಗಣನೀಯ ಲಾಭವಿಲ್ಲ. ದೊಡ್ಡ ರಕ್ತಸ್ರಾವ ಶೇ. 2.8ರಿಂದ 3.8ಕ್ಕೆ ಏರಿತು. ಅಂದರೆ ನೂರಕ್ಕೆ ಒಬ್ಬರಿಗೆ ಹೆಚ್ಚುವರಿ ಹಾನಿ. ಈಗಾಗಲೇ ಹೃದಯಾಘಾತವಾದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ ಈ ಫಲಿತಾಂಶ ಅನ್ವಯಿಸುವುದಿಲ್ಲ. ಸುದ್ದಿ ಓದಿ ಅವರು ಮಾತ್ರೆ ಬಿಟ್ಟರೆ ಪ್ರಾಣಕ್ಕೇ ಕುತ್ತು.

ಸೆಲೆಕ್ಟ್ (2023): ಹೃದ್ರೋಗವಿದ್ದು ಮಧುಮೇಹವಿಲ್ಲದ, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 27 ಅಥವಾ ಹೆಚ್ಚಿದ್ದ 17,604 ಜನರಿಗೆ ವಾರಕ್ಕೊಮ್ಮೆ ಸೆಮಾಗ್ಲುಟೈಡ್ (ತೂಕ ಇಳಿಸುವ ಚುಚ್ಚುಮದ್ದು) 2.4 ಮಿ.ಗ್ರಾಂ. ಅಥವಾ ಪ್ಲಸೀಬೊ. ಹೃದಯದ ಕಾರಣದ ಸಾವು, ಹೃದಯಾಘಾತ, ಪಾರ್ಶ್ವವಾಯು ಸೇರಿ ಶೇ. 8ರಿಂದ 6.5ಕ್ಕೆ ಇಳಿದವು. ಕಳೆದು ಭಾಗಿಸಿ: 67 ಜನರಿಗೆ ಒಬ್ಬರು. ಅಡ್ಡಪರಿಣಾಮ ತಾಳದೆ ಔಷಧಿ ಬಿಟ್ಟವರು ಶೇ. 16.6, ಪ್ಲಸೀಬೊದಲ್ಲಿ 8.2. ಹೊಟ್ಟೆಯ ತೊಂದರೆಯೇ ಮುಖ್ಯ ಕಾರಣ. ಅದಕ್ಕೇ 0.25ರಿಂದ ಶುರುಮಾಡಿ 4 ವಾರಕ್ಕೊಮ್ಮೆ 0.5, 1, 1.7, 2.4 ಎಂದು ಏರಿಸುತ್ತಾರೆ.

ಸೋಂಕು: 14 ದಿನ ಬೇಕೇ?

2024ರ ಬ್ಯಾಲೆನ್ಸ್ ಪ್ರಯೋಗದಲ್ಲಿ ರಕ್ತದಲ್ಲಿ ಬ್ಯಾಕ್ಟೀರಿಯಾ ಸೋಂಕಿದ್ದ 3608 ಒಳರೋಗಿಗಳಿಗೆ 7 ಅಥವಾ 14 ದಿನ ಆ್ಯಂಟಿಬಯೋಟಿಕ್ ಕೊಟ್ಟರು. 90 ದಿನದೊಳಗಿನ ಸಾವು ಕ್ರಮವಾಗಿ ಶೇ. 14.5 ಮತ್ತು 16.1. ಇದನ್ನು "7 ದಿನವೇ ಮೇಲು" ಎಂದು ಓದಿದರೆ ತಪ್ಪು. ಪ್ರಯೋಗ ಕೇಳಿದ ಪ್ರಶ್ನೆ "7 ದಿನ ಕೊಟ್ಟರೆ ಸಾವು ನೂರಕ್ಕೆ 4ಕ್ಕಿಂತ ಹೆಚ್ಚು ಏರುತ್ತದೆಯೇ" ಎಂಬುದು. ಇಲ್ಲ ಎಂಬುದು ಉತ್ತರ. ಸ್ಟ್ಯಾಫಿಲೊಕಾಕಸ್ ಆರಿಯಸ್ ಸೋಂಕು, ಹೃದಯದ ಕವಾಟದ ಸೋಂಕು, ರೋಗನಿರೋಧಕ ಶಕ್ತಿ ತೀರಾ ಕುಂದಿದವರು ಇದರಲ್ಲಿ ಇರಲಿಲ್ಲ, ಅವರಿಗೆ ಈ ಫಲಿತಾಂಶ ಅನ್ವಯಿಸುವುದಿಲ್ಲ. ದಿನ ಎಣಿಸುವಾಗ ಆ ಬ್ಯಾಕ್ಟೀರಿಯಾಕ್ಕೆ ನಿಜವಾಗಿ ತಗಲುವ ಔಷಧಿ ಶುರುವಾದ ದಿನವೇ ಒಂದನೆಯ ದಿನ. ಮೊದಲ ಎರಡು ದಿನ ಕೊಟ್ಟ ಔಷಧಿಗೆ ಅದು ಬಗ್ಗದೆಂದು ಕಲ್ಚರ್ (ರಕ್ತದ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ವರದಿಯಲ್ಲಿ ಬಂದರೆ ಆ ಎರಡು ದಿನಗಳನ್ನು ಲೆಕ್ಕದಿಂದ ಬಿಟ್ಟು, ಹೊಸ ಔಷಧಿ ಬರೆದ ದಿನವೇ ನಿಲ್ಲಿಸುವ ತಾರೀಖನ್ನೂ ಕೇಸ್ ಶೀಟಿನಲ್ಲಿ ನಮೂದಿಸಿ.